ಅಜ್ಜನ ಕೊಲಂಬು ಮತ್ತು ಬಾರದ ಪ್ರವಾಸಿಗರು

ಉಪ್ಪಳದ ನಮ್ಮ ತರವಾಡು ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಹಸಿರು ಬಣ್ಣ ಹೋಗಿ ತುಕ್ಕು ಹಿಡಿದಿದೆ. ಮನೆಯಲ್ಲಿ ಅದಕ್ಕೆ ಈಗಲೂ ‘ಕೊಲಂಬು ಪೆಟ್ಟಿ’ ಎಂದೇ ಹೆಸರು. ಅಜ್ಜ ಸಿಲೋನಿನಿಂದ ವಾಪಸ್ ಬರುವಾಗ ತಂದದ್ದು ಅದೊಂದೇ ಎಂದು ಉಪ್ಪ ಹೇಳುತ್ತಿದ್ದರು. ಹದಿನೈದು ವರ್ಷ ಕೊಲಂಬಿನ ಪೇಟೆಯಲ್ಲಿ ಅಂಗಡಿ ಕೆಲಸ ಮಾಡಿದ ಮನುಷ್ಯ ಯಾಕೆ ಒಂದೇ ಪೆಟ್ಟಿಗೆಯಲ್ಲಿ ಬಂದರು ಎಂಬ ಪ್ರಶ್ನೆ ಸಣ್ಣವನಾಗಿದ್ದಾಗ ನನಗೆ ಹೊಳೆದಿರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು 2022ರಲ್ಲಿ, ಅದೇ ದೇಶ ದಿವಾಳಿಯಾದಾಗ. ಆ ದಿವಾಳಿಯಲ್ಲಿ ನನ್ನದೂ ಒಂದು ಸಣ್ಣ ಪಾಲಿತ್ತು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ನಮ್ಮ ಕರಾವಳಿಯವರಿಗೆ ಸಿಲೋನ್ ದೂರದ ದೇಶವಾಗಿರಲಿಲ್ಲ. ಗಲ್ಫ್ ಎಂಬ ಹೆಸರು ಕೇಳುವ ಮೊದಲು ನಮ್ಮವರು ಕೇಳಿದ್ದ ಹೆಸರುಗಳು ಬೊಂಬಾಯಿ, ರಂಗೂನ್ ಮತ್ತು ಕೊಲಂಬು. ಮಂಗಳೂರಿನ ಹೆಂಚು ಹಡಗಿನಲ್ಲಿ ಸಿಲೋನಿಗೆ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಪಾಂಬನ್ ಸೇತುವೆ ತೆರೆದದ್ದು 1914ರಲ್ಲಿ. ಆ ಮೇಲೆ ನೆಲದ ದಾರಿಯೂ ಆಯಿತು. ಅಜ್ಜ ಮಂಜೇಶ್ವರದಲ್ಲಿ ರೈಲು ಹತ್ತಿ, ಪೋದನೂರು, ಈರೋಡ್, ತಿರುಚ್ಚಿ ದಾಟಿ ಧನುಷ್ಕೋಡಿಗೆ ಹೋಗುತ್ತಿದ್ದರಂತೆ. ಅಲ್ಲಿಂದ ಸಣ್ಣ ಹಡಗಿನಲ್ಲಿ ತಲೈಮನ್ನಾರ್, ಮತ್ತೆ ರೈಲಿನಲ್ಲಿ ಕೊಲಂಬು. ರೈಲು, ಹಡಗು, ಮತ್ತೆ ರೈಲು ಸೇರಿದ ಈ ಪ್ರಯಾಣಕ್ಕೆ ‘ಬೋಟ್ ಮೇಲ್’ ಎನ್ನುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು. ಅಷ್ಟರಲ್ಲಿ ಅಜ್ಜ ಊರಿಗೆ ಬಂದು ಹತ್ತು ವರ್ಷವಾಗಿತ್ತು.

ಅವರು ಬಂದದ್ದು ತಾವಾಗಿ ಅಲ್ಲ. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಪೌರತ್ವದ ಕಾನೂನು ಬಂತು, ಅದರ ಹಿಂದೆಯೇ ವಲಸೆಯ ಕಾನೂನು. ಹೊರಗಿನಿಂದ ಬಂದು ದುಡಿಯುವವರಿಗೆ ಪರ್ಮಿಟ್ ಬೇಕಾಯಿತು. ಊರಿಗೆ ಹಣ ಕಳುಹಿಸುವುದಕ್ಕೂ ಕಟ್ಟುಪಾಡು. ದುಡಿದ ರೂಪಾಯಿ ಅಲ್ಲಿದೆ, ಮನೆ ಇಲ್ಲಿದೆ, ನಡುವೆ ಸರಕಾರ ನಿಂತಿದೆ. ಅಜ್ಜನ ಉಳಿತಾಯ ಅಲ್ಲೇ ಯಾರದೋ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಉಳಿಯಿತು. ‘ಕೊಲಂಬಿನ ದುಡ್ಡು ಕಡಲು ದಾಟಲಿಲ್ಲ’ ಎನ್ನುವುದು ನಮ್ಮ ಮನೆಯಲ್ಲಿ ಗಾದೆಯೇ ಆಗಿ ಹೋಗಿತ್ತು. ಬರಬೇಕಾದ ಸಾಲ ಬರದಿದ್ದರೆ ಉಮ್ಮ ಈ ಮಾತನ್ನೇ ಹೇಳುತ್ತಿದ್ದರು.

ನಾನು ದುಬೈಯಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ಬರೆದವನು. ಕಡಲಾಚೆಯಿಂದ ದುಡ್ಡು ಮನೆಗೆ ಮುಟ್ಟುವ ದಾರಿಗಳು ನನಗೆ ಗೊತ್ತು. ಗೊತ್ತಿದ್ದದ್ದೇ ಮುಂದೆ ತೊಂದರೆಯಾಯಿತು.

ನಾಲ್ಕು ಕೋಣೆಯ ಗೆಸ್ಟ್‌ಹೌಸ್

2018ರ ಡಿಸೆಂಬರಿನಲ್ಲಿ ರಜೆಗೆ ಬರುವಾಗ ನಾನೂ ಹೆಂಡತಿಯೂ ಕೊಲಂಬಿನಲ್ಲಿ ಇಳಿದು ಎಂಟು ದಿನ ಇದ್ದೆವು. ಪೇಟೆಯ ಬೀದಿಗಳಲ್ಲಿ ಅಜ್ಜನ ಅಂಗಡಿ ಹುಡುಕಿದೆ. ಸಿಗಲಿಲ್ಲ, ಸಿಗುವ ಹಾಗೂ ಇರಲಿಲ್ಲ. ಕೆಂಪು ಬಿಳಿ ಪಟ್ಟೆಯ ಜಾಮಿಉಲ್ ಅಲ್ಫರ್ ಮಸೀದಿ ಮಾತ್ರ ಅಜ್ಜ ಹೇಳಿದ ಹಾಗೆಯೇ ನಿಂತಿತ್ತು. ಆ ಮೇಲೆ ದಕ್ಷಿಣದ ಕಡಲ ತೀರಕ್ಕೆ, ವೆಲಿಗಾಮಕ್ಕೆ ಹೋದೆವು. ಅಲ್ಲಿ ನಾವು ಇಳಿದದ್ದು ನಾಲ್ಕು ಕೋಣೆಯ ಒಂದು ಗೆಸ್ಟ್‌ಹೌಸಿನಲ್ಲಿ. ಮಾಡಿಗೆ ನಮ್ಮ ಊರಿನದೇ ಮಾದರಿಯ ಹೆಂಚು. ಅವರು ಅದಕ್ಕೆ ‘ಕ್ಯಾಲಿಕಟ್ ಹೆಂಚು’ ಎನ್ನುತ್ತಾರೆ. ಬೆಳಿಗ್ಗೆ ಒತ್ತು ಶ್ಯಾವಿಗೆ, ತೆಂಗಿನಕಾಯಿಯ ಸಂಬೋಲ, ಮೀನಿನ ಸಾರು. ಹೆಂಡತಿ ನಕ್ಕು, ‘ಟಿಕೆಟ್ ತೆಗೆದು ಉಪ್ಪಳಕ್ಕೇ ಬಂದ ಹಾಗಾಯಿತು’ ಎಂದಳು.

ಯಜಮಾನರು ನನಗಿಂತ ಆರೇಳು ವರ್ಷ ದೊಡ್ಡವರು. ಅಲ್ಲಿನ ಮುಸ್ಲಿಮರ ತಮಿಳಿನಲ್ಲಿ ‘ನಾನಾ’ ಎಂದರೆ ಅಣ್ಣ. ನಾನು ಅವರನ್ನು ನಾನಾ ಎಂದೆ, ಅವರು ನನ್ನನ್ನು ತಂಬಿ ಎಂದರು. ಅವರ ತಮಿಳು, ನನ್ನ ಬ್ಯಾರಿ, ನಡುವೆ ಸ್ವಲ್ಪ ಮಲಯಾಳ. ಮಾತಿಗೆ ಎಲ್ಲೂ ತಡೆಯಾಗಲಿಲ್ಲ. ಮೇಲಿನ ಮಾಳಿಗೆಯಲ್ಲಿ ಎರಡು ಹೊಸ ಕೋಣೆ ಕಟ್ಟಲು ಅವರು ಆಗಷ್ಟೇ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರು. ತೆಗೆಯದೆ ಏನು ಮಾಡಿಯಾರು? 2018ರಲ್ಲಿ ಶ್ರೀಲಂಕಾಕ್ಕೆ 23 ಲಕ್ಷ 33 ಸಾವಿರ ಪ್ರವಾಸಿಗರು ಬಂದಿದ್ದರು. ಅದುವರೆಗಿನ ದಾಖಲೆ ಅದು. ದೇಶಕ್ಕೆ 438 ಕೋಟಿ ಡಾಲರ್ ಬಂದಿತ್ತು. ಹೊರದೇಶದಲ್ಲಿ ದುಡಿಯುವವರು ಕಳುಹಿಸುವ ಹಣ ಮತ್ತು ಸಿದ್ಧ ಉಡುಪು, ಇವೆರಡರ ನಂತರ ಡಾಲರ್ ತರುವ ಮೂರನೆಯ ಕಸುಬು ಅದೇ. ಲೋನ್ಲಿ ಪ್ಲಾನೆಟ್ ಎಂಬ ಪ್ರವಾಸಿ ಪ್ರಕಾಶನವು 2019ಕ್ಕೆ ನೋಡಲೇಬೇಕಾದ ದೇಶಗಳಲ್ಲಿ ಮೊದಲನೆಯದು ಶ್ರೀಲಂಕಾ ಎಂದು ಸಾರಿತ್ತು. ನಾನಾ ಆ ಸುದ್ದಿಯ ಪೇಪರ್ ತುಂಡನ್ನು ಕೌಂಟರಿನ ಗಾಜಿನ ಅಡಿಯಲ್ಲಿ ಇಟ್ಟಿದ್ದರು.

ಬಿದ್ದು ಏಳುವ ಕಸುಬು

ಈ ಕಸುಬಿನ ಹಿಂದಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಸಿಲೋನಿಗೆ ಬರುತ್ತಿದ್ದ ಪ್ರವಾಸಿಗರು ಹಡಗಿನವರು. ಕೊಲಂಬು ಬಂದರಿನಲ್ಲಿ ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳುವಷ್ಟು ಹೊತ್ತು ಇಳಿದು ತಿರುಗಾಡುವವರು. ಕಡಲ ದಡದ ಗಾಲ್ ಫೇಸ್ ಹೋಟೆಲ್ 1864ರದ್ದು. ಸರಕಾರ ಪ್ರವಾಸೋದ್ಯಮವನ್ನು ಕಸುಬಾಗಿ ಕಂಡದ್ದು 1966ರಲ್ಲಿ, ಪ್ರವಾಸಿ ಮಂಡಳಿ ಸ್ಥಾಪಿಸಿದಾಗ. ಆ ವರ್ಷ ಬಂದವರು 19 ಸಾವಿರಕ್ಕೂ ಸ್ವಲ್ಪ ಕಡಿಮೆ. ಮುಂದೆ ಬೆಂಟೋಟದ ಕಡಲ ದಡದಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಟ್ಟಿದ ಹೋಟೆಲು ಹೆಸರಾಯಿತು. ಯುರೋಪಿನಿಂದ ಬಾಡಿಗೆ ವಿಮಾನಗಳು ಬಂದವು. 1982ರಲ್ಲಿ ಬಂದವರ ಸಂಖ್ಯೆ 4 ಲಕ್ಷ 7 ಸಾವಿರ.

ಮರುವರ್ಷ ಜುಲೈಯಲ್ಲಿ ತಮಿಳರ ಮೇಲೆ ನಡೆದ ಹಿಂಸೆ ಕೊಲಂಬನ್ನು ಸುಟ್ಟಿತು. ಯುದ್ಧ ಶುರುವಾಯಿತು. 1982ರ ಅಂಕಿಗೆ ಗಟ್ಟಿಯಾಗಿ ಮರಳಲು ದೇಶಕ್ಕೆ ಹತ್ತಿಪ್ಪತ್ತು ವರ್ಷ ಹಿಡಿಯಿತು. 2001ರ ಜುಲೈಯಲ್ಲಿ ಕಟುನಾಯಕ ವಿಮಾನ ನಿಲ್ದಾಣದ ಮೇಲೆ ಎಲ್‌ಟಿಟಿಇ ದಾಳಿ ಮಾಡಿ ವಿಮಾನಗಳನ್ನು ಸುಟ್ಟಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ 30 ಸಾವಿರಕ್ಕೂ ಹೆಚ್ಚು ಜನ ತೀರಿಹೋದರು. 2009ರ ಮೇಯಲ್ಲಿ ಯುದ್ಧ ಮುಗಿದಾಗ ವರ್ಷದ ಲೆಕ್ಕ 4 ಲಕ್ಷ 48 ಸಾವಿರ. ಅಲ್ಲಿಂದ ಒಂಬತ್ತು ವರ್ಷದಲ್ಲಿ ಅದು ಐದು ಪಟ್ಟಾಯಿತು. ಅಂದರೆ ಬೀಳುವುದೂ ಏಳುವುದೂ ನಾನಾರಂಥವರಿಗೆ ಹೊಸದಲ್ಲ. ಸುನಾಮಿಯ ನೀರು ಗೋಡೆಯಲ್ಲಿ ಎಲ್ಲಿವರೆಗೆ ಬಂದಿತ್ತೆಂದು ಅವರು ಕೈಯೆತ್ತಿ ತೋರಿಸಿದ್ದರು, ನನ್ನ ತಲೆಗಿಂತ ಮೇಲೆ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಕೊಲಂಬಿನ ಮೂರು ದೊಡ್ಡ ಹೋಟೆಲುಗಳಲ್ಲಿ, ಕೊಲಂಬು, ನೆಗೊಂಬೊ, ಮಟ್ಟಕಳಪ್ಪಿನ ಇಗರ್ಜಿಗಳಲ್ಲಿ ಬಾಂಬು. 260ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ವರ್ಷದ ಮೇಯಲ್ಲಿ 1 ಲಕ್ಷ 29 ಸಾವಿರ ಪ್ರವಾಸಿಗರು ಬಂದಿದ್ದ ದೇಶಕ್ಕೆ ಆ ಮೇಯಲ್ಲಿ ಬಂದವರು 38 ಸಾವಿರಕ್ಕೂ ಕಡಿಮೆ. ಅದೇ ತಿಂಗಳು ವಾಯವ್ಯ ಪ್ರಾಂತ್ಯದಲ್ಲಿ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ದಾಳಿಗಳಾದವು. ನಾನಾ ಫೋನಿನಲ್ಲಿ ಹೇಳಿದರು: ‘ತಂಬಿ, ಹೊರಗಿನವರು ನಮ್ಮ ದೇಶಕ್ಕೆ ಹೆದರುತ್ತಾರೆ, ನಮ್ಮ ದೇಶದವರು ನಮಗೆ ಹೆದರುತ್ತಾರೆ.’ ಮಾಳಿಗೆಯ ಕೆಲಸ ನಿಂತಿತು. ಆದರೆ ವರ್ಷದ ಕೊನೆಗೆ ಜನ ಮತ್ತೆ ಬರತೊಡಗಿದರು.

ಆ ಮೇಲೆ ಕೊರೊನಾ. 2020ರ ಮಾರ್ಚಿನಲ್ಲಿ ಮುಚ್ಚಿದ ಬಾಗಿಲು ಪ್ರವಾಸಿಗರಿಗೆ ಸರಿಯಾಗಿ ತೆರೆದದ್ದು 2021ರ ಜನವರಿ 21ಕ್ಕೆ. ಆ ಇಡೀ ವರ್ಷ ಬಂದವರು 1 ಲಕ್ಷ 94 ಸಾವಿರ. ಸಾಲದ ಕಂತಿಗೆ ಸರಕಾರ ಮುಂದೂಡಿಕೆ ಕೊಟ್ಟಿತು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಎಂಬುದು ಸಾಲ ಮಾಡಿದ ಎಲ್ಲರಿಗೂ ಗೊತ್ತು.

180 ದಿರ್ಹಮ್ ಲಾಭ

ಈಗ ನನ್ನ ಪಾಲಿಗೆ ಬರುತ್ತೇನೆ.

ಒಂದು ದೇಶಕ್ಕೆ ಡಾಲರ್ ಬರುವುದು ಎಲ್ಲಿಂದ? ಸರಕು ಮಾರಿ, ಜನ ಹೊರಗೆ ದುಡಿದು ಕಳುಹಿಸಿ, ಪ್ರವಾಸಿಗರು ಬಂದು ಖರ್ಚು ಮಾಡಿ, ಇಲ್ಲವೇ ಸಾಲ ಮಾಡಿ. ಶ್ರೀಲಂಕಾ ಯುದ್ಧದ ನಂತರ ಧಾರಾಳ ಸಾಲ ಮಾಡಿತ್ತು. 2019ರ ಕೊನೆಗೆ ಹೊಸ ಸರಕಾರ ತೆರಿಗೆ ಇಳಿಸಿತು. 15ರಷ್ಟಿದ್ದ ವ್ಯಾಟ್ ಶೇಕಡಾ 8ಕ್ಕೆ ಬಂತು. ಬೊಕ್ಕಸ ಬರಿದಾಗುತ್ತಿದ್ದಾಗಲೇ ಪ್ರವಾಸೋದ್ಯಮ ಮಲಗಿತು. 2019ರ ಕೊನೆಯಲ್ಲಿ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಸಂಗ್ರಹ ಎರಡು ವರ್ಷದಲ್ಲಿ 310 ಕೋಟಿಗೆ ಇಳಿಯಿತು. ಅದರಲ್ಲೂ ಅರ್ಧದಷ್ಟು ಚೀನಾದೊಂದಿಗಿನ ವಿನಿಮಯ ಒಪ್ಪಂದದ ಹಣ, ಸುಲಭವಾಗಿ ಖರ್ಚು ಮಾಡಲು ಬರುವಂಥದ್ದಲ್ಲ. 2021ರ ಮೇಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿದರು. ಭತ್ತ ಕೈಕೊಟ್ಟಿತು, ಚಹಾಕ್ಕೂ ಪೆಟ್ಟು ಬಿತ್ತು. ನವೆಂಬರಿನಲ್ಲಿ ನಿಷೇಧ ಹಿಂದೆಗೆದರೂ ಹೋದ ಬೆಳೆ ಹೋಗಿತ್ತು.

ಇಷ್ಟಾದರೂ ಡಾಲರಿಗೆ ಸುಮಾರು 200 ರೂಪಾಯಿ ಎಂದು ಕೇಂದ್ರ ಬ್ಯಾಂಕು ದರವನ್ನು ಕಟ್ಟಿಹಾಕಿಟ್ಟಿತ್ತು. ಹೊರಗೆ, ಕೈಯಿಂದ ಕೈಗೆ ಹೋಗುವ ದುಡ್ಡಿಗೆ ದರ 240ರ ಆಸುಪಾಸು. ನಮ್ಮಲ್ಲಿ ಹವಾಲ, ಕುಳಲ್‌ಪಣ ಎನ್ನುವುದಕ್ಕೆ ಅವರಲ್ಲಿ ‘ಉಂಡಿಯಲ್’ ಎನ್ನುತ್ತಾರೆ. ನೀವು ದುಬೈಯಲ್ಲಿ ದಿರ್ಹಮ್ ಕೊಡುತ್ತೀರಿ, ಅಲ್ಲಿ ಒಬ್ಬ ಬೈಕಿನಲ್ಲಿ ಬಂದು ಮನೆಗೆ ರೂಪಾಯಿ ಕೊಟ್ಟು ಹೋಗುತ್ತಾನೆ. ಮನೆಗೆ ದುಡ್ಡು ಮುಟ್ಟುತ್ತದೆ. ಡಾಲರ್ ಮಾತ್ರ ದೇಶಕ್ಕೆ ಬರುವುದಿಲ್ಲ, ಹೊರಗೇ ಉಳಿಯುತ್ತದೆ.

ನಮ್ಮ ಕಚೇರಿಯಲ್ಲಿ ಕ್ಯಾಂಡಿಯ ಹುಡುಗನೊಬ್ಬನಿದ್ದ. ತಿಂಗಳ ಸಂಬಳ ಬಂದಾಗ ನನ್ನ ಹತ್ತಿರ ಬಂದು, ‘ಅಂಕಲ್, ಬ್ಯಾಂಕಾ ಉಂಡಿಯಲಾ?’ ಎಂದು ಕೇಳುತ್ತಿದ್ದ. ನಾನು ಲೆಕ್ಕದವನು. ಕಾಗದದ ಮೇಲೆ ಎರಡೂ ದರ ಬರೆದು ತೋರಿಸಿದೆ. ನಿನ್ನ ಮನೆಯವರ ಅನ್ನದ ಪ್ರಶ್ನೆ, ಹೆಚ್ಚು ಸಿಗುವ ಕಡೆ ಕಳುಹಿಸು ಎಂದೆ. ಹೇಳಿದ್ದರಲ್ಲಿ ತಪ್ಪಿತ್ತೇ? ನಮ್ಮ ಮನೆಗಳು ಎದ್ದದ್ದೂ ಒಂದು ಕಾಲದಲ್ಲಿ ಇಂಥದೇ ದಾರಿಯಲ್ಲಿ ಬಂದ ದುಡ್ಡಿನಿಂದ ಅಲ್ಲವೇ?

ಅಷ್ಟಕ್ಕೇ ನಿಲ್ಲಲಿಲ್ಲ. ಕೆಲಸ ಮುಗಿಸಿ ಊರಿಗೆ ಮರಳುವ ಮೊದಲು, 2021ರ ಡಿಸೆಂಬರಿನಲ್ಲಿ, ಪೆರ್ನಾಲ್ ಕಳೆದು ಇಡೀ ಕುಟುಂಬ ವೆಲಿಗಾಮಕ್ಕೆ ಹೋಗುವುದೆಂದು ತೀರ್ಮಾನಿಸಿದೆ. ನಾವು ಹನ್ನೊಂದು ಜನ, ನಾಲ್ಕು ಕೋಣೆ, ಮೂರು ರಾತ್ರಿ. ಕೋಣೆಗೆ ದಿನಕ್ಕೆ 5 ಸಾವಿರ ಶ್ರೀಲಂಕಾ ರೂಪಾಯಿ. ನಾನಾರ ಕಷ್ಟ ಗೊತ್ತಿದ್ದರಿಂದ ಒಟ್ಟು 60 ಸಾವಿರವನ್ನೂ ಮುಂಗಡವಾಗಿಯೇ ಕೊಡೋಣ ಎಂದುಕೊಂಡೆ. ಆ ಹುಡುಗನ ಪರಿಚಯದವನ ಮೂಲಕ ಉಂಡಿಯಲಿನಲ್ಲಿ ಕಳುಹಿಸಿದೆ. ಬ್ಯಾಂಕಿನಲ್ಲಿ ಸುಮಾರು 1,100 ದಿರ್ಹಮ್ ಬೇಕಾಗುತ್ತಿತ್ತು, 920ರಲ್ಲಿ ಮುಗಿಯಿತು. ನೂರೆಂಬತ್ತು ಉಳಿಯಿತೆಂದು ಹೆಂಡತಿಗೆ ಹೇಳಿದ್ದೂ ನೆನಪಿದೆ.

ಲೆಕ್ಕ ನೋಡಿ. ನಾನು ವಿದೇಶಿ ಪ್ರವಾಸಿ. ಪ್ರವಾಸಿ ಬಂದರೆ ಡಾಲರ್ ಬರುತ್ತದೆ ಎಂದು ದೇಶ ಕಾಯುತ್ತಿತ್ತು. ನಾನು ಕೋಣೆ ಹಿಡಿದೆ, ದುಡ್ಡು ಕೊಟ್ಟೆ, ಆದರೆ ಒಂದೇ ಒಂದು ಡಾಲರ್ ಆ ದೇಶಕ್ಕೆ ಹೋಗಲಿಲ್ಲ. ನಾನೊಬ್ಬನೇ ಅಲ್ಲ. ಶ್ರೀಲಂಕಾದವರು ಹೊರದೇಶಗಳಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ 2020ರಲ್ಲಿ 710 ಕೋಟಿ ಡಾಲರ್ ಇತ್ತು. 2021ರಲ್ಲಿ 550 ಕೋಟಿಯಾಯಿತು. 2022ರಲ್ಲಿ 380 ಕೋಟಿಗೂ ಸ್ವಲ್ಪ ಕಡಿಮೆ. ದುಡಿಯುವವರ ಸಂಖ್ಯೆ ಹಾಗೆ ಅರ್ಧಕ್ಕೆ ಇಳಿದಿರಲಿಲ್ಲ, ದುಡ್ಡಿನ ದಾರಿ ಬದಲಾಗಿತ್ತು. ದರವನ್ನು ಸುಳ್ಳಾಗಿ ಕಟ್ಟಿಹಾಕಿದ್ದು ಸರಕಾರದ ತಪ್ಪು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ತಪ್ಪಿನಿಂದ ನಾನು 180 ದಿರ್ಹಮ್ ಲಾಭ ಮಾಡಿದೆ ಎನ್ನುವುದೂ ಸುಳ್ಳಲ್ಲ.

ಗ್ಯಾಸ್ ಇಲ್ಲದ ಅಡುಗೆಮನೆ

2022 ಶುರುವಾದಾಗ ಪ್ರವಾಸಿಗರು ಬರುತ್ತಿದ್ದರು. ಜನವರಿಯಲ್ಲಿ 82 ಸಾವಿರ, ಫೆಬ್ರವರಿಯಲ್ಲಿ 96 ಸಾವಿರ. ಅವರಲ್ಲಿ ರಷ್ಯಾ ಮತ್ತು ಉಕ್ರೇನಿನವರು ಬಹಳ. ಫೆಬ್ರವರಿ 24ಕ್ಕೆ ಆ ಎರಡು ದೇಶಗಳ ನಡುವೆ ಯುದ್ಧ. ಆ ಹೊತ್ತಿಗೆ ಶ್ರೀಲಂಕಾದಲ್ಲಿದ್ದ ಇವೆರಡೂ ದೇಶಗಳ ಸುಮಾರು 15 ಸಾವಿರ ಪ್ರವಾಸಿಗರಿಗೆ ಸರಕಾರ ವೀಸಾ ಮುಂದುವರಿಸಿಕೊಟ್ಟಿತು. ಯುದ್ಧದಿಂದ ಎಣ್ಣೆಯ ಬೆಲೆಯೂ ಏರಿತು.

ಮಾರ್ಚ್ 7ರಂದು ಕೇಂದ್ರ ಬ್ಯಾಂಕು ರೂಪಾಯಿಯ ಹಗ್ಗ ಬಿಟ್ಟಿತು. ಎರಡು ತಿಂಗಳಲ್ಲಿ ಡಾಲರಿಗೆ 360. ಪುಸ್ತಕದ ಲೆಕ್ಕದ ಪ್ರಕಾರ ಇಂಥ ಹೊತ್ತಿನಲ್ಲಿ ಪ್ರವಾಸಿಗರು ನುಗ್ಗಿ ಬರಬೇಕು. ಐಸ್‌ಲ್ಯಾಂಡಿನಲ್ಲಿ ಹಾಗೆಯೇ ಆಗಿತ್ತು. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಮುಳುಗಿ ನಾಣ್ಯ ಬಿದ್ದಾಗ, ಅಲ್ಲಿವರೆಗೆ ಮೈಸುಡುವಷ್ಟು ದುಬಾರಿಯಾಗಿದ್ದ ದೇಶ ಹೊರಗಿನವರ ಕೈಗೆಟುಕಿತು. 2010ರಲ್ಲಿ ಐದು ಲಕ್ಷಕ್ಕೂ ಕಡಿಮೆ ಇದ್ದ ಪ್ರವಾಸಿಗರು 2017ಕ್ಕೆ 22 ಲಕ್ಷ ದಾಟಿದರು. ಅಲ್ಲಿ ಪ್ರವಾಸೋದ್ಯಮವೇ ದೇಶವನ್ನು ಎತ್ತಿತು.

ಶ್ರೀಲಂಕಾದಲ್ಲಿ ಯಾಕೆ ಹಾಗಾಗಲಿಲ್ಲ? ಐಸ್‌ಲ್ಯಾಂಡಿನ ವಿದ್ಯುತ್ತು ಅದರದೇ ನದಿಗಳಿಂದ, ನೆಲದಡಿಯ ಬಿಸಿಯಿಂದ ಬರುತ್ತದೆ. ನಾಣ್ಯ ಬಿದ್ದರೂ ದೀಪ ಉರಿಯುತ್ತಿತ್ತು, ಬಸ್ಸು ಓಡುತ್ತಿತ್ತು. ಶ್ರೀಲಂಕಾದಲ್ಲಿ ಕೋಣೆ ಅಗ್ಗವಾಯಿತು, ಆದರೆ ವಿಮಾನ ನಿಲ್ದಾಣದಿಂದ ಆ ಕೋಣೆಗೆ ಹೋಗಲು ಡೀಸೆಲ್ ಇರಲಿಲ್ಲ. ಜಲಾಶಯಗಳಲ್ಲಿ ನೀರು ಕಡಿಮೆ, ಸ್ಥಾವರಗಳಿಗೆ ಎಣ್ಣೆ ಇಲ್ಲ. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆವರೆಗೂ ಕರೆಂಟ್ ಕಡಿತ. ಜನರೇಟರ್ ಇದ್ದವರಿಗೂ ಡೀಸೆಲ್ ಬೇಕಲ್ಲ. ಹಾಲಿನ ಪುಡಿ ಇಲ್ಲ, ಅಡುಗೆ ಗ್ಯಾಸ್ ಇಲ್ಲ, ಮದ್ದು ಇಲ್ಲ. ಕಾಗದವಿಲ್ಲದೆ ಕೊಲಂಬಿರುವ ಪಶ್ಚಿಮ ಪ್ರಾಂತ್ಯದಲ್ಲಿ ಶಾಲೆಯ ಪರೀಕ್ಷೆ ಮುಂದೆ ಹೋಯಿತು. ಪ್ರವಾಸಿಗನ ಮುಂದೆ ಇಡುವ ತಟ್ಟೆಯ ಅರ್ಧ ಸಾಮಾನು ಹಡಗಿನಲ್ಲಿ ಬರಬೇಕು. ಡಾಲರ್ ತರುವ ಕಸುಬಿಗೂ ಮೊದಲು ಡಾಲರ್ ಬೇಕು ಎಂಬುದು ಆಗ ತಿಳಿಯಿತು.

ಏಪ್ರಿಲ್ ಮೊದಲ ವಾರ, ರಂಜಾನ್ ಶುರುವಾಗಿತ್ತು. ಒಂದು ರಾತ್ರಿ ನಾನಾರ ವಾಯ್ಸ್ ಮೆಸೇಜ್ ಬಂತು. ಮಾತಿನ ಹಿಂದೆ ಗಾಳಿಯ ಸದ್ದು, ಕತ್ತಲಲ್ಲಿ ಅಂಗಳದಲ್ಲಿ ಕೂತಿದ್ದಿರಬೇಕು. ‘ತಂಬಿ, ಬರಬೇಡಿ. ಬನ್ನಿ ಎನ್ನಲು ನನಗೆ ಆಸೆ ಇದೆ. ಆದರೆ ಮಕ್ಕಳನ್ನು ಕರಕೊಂಡು ಬಂದು ಕತ್ತಲಲ್ಲಿ ಕೂರಿಸಬೇಕಾ? ನಾವು ಸಹರಿಗೆ ಸೌದೆ ಒಲೆ ಹಚ್ಚುತ್ತಿದ್ದೇವೆ. ನಿಮ್ಮ ಹಣ ನನ್ನ ಹತ್ತಿರ ಇದೆ. ಕಳುಹಿಸಲು ದಾರಿ ಇಲ್ಲ.’

ಕಳುಹಿಸಲು ದಾರಿ ಇಲ್ಲ. ನಾನು ಆ ಮೆಸೇಜನ್ನು ಎರಡು ಮೂರು ಸಲ ಕೇಳಿದೆ. ಅಜ್ಜನ ಮಾತು ಎಪ್ಪತ್ತು ವರ್ಷದ ನಂತರ ಬೇರೆಯವರ ಬಾಯಿಂದ ತಿರುಗಿ ಬಂದಿತ್ತು. ಕೊಲಂಬಿನ ದುಡ್ಡು ಕಡಲು ದಾಟಲಿಲ್ಲ. ಈ ಸಲ ಅದು ದಾಟದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ಮನೆಯಲ್ಲಿ ಬೇಸರವಾಯಿತು. ಮುಂಗಡ ಪೂರ್ತಿ ಕೊಟ್ಟದ್ದು ತಪ್ಪು ಎಂದು ಭಾವ ಹೇಳಿದರು. ಇರಲಿ, ಅದು ಅವರಲ್ಲೇ ಇರಲಿ ಎಂದೆ. ಉಂಡಿಯಲಿನ ವಿಷಯ ಯಾರಿಗೂ ಹೇಳಲಿಲ್ಲ.

ಮುಂದಿನದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಏಪ್ರಿಲ್ 9ರಿಂದ ಗಾಲ್ ಫೇಸ್ ಮೈದಾನದಲ್ಲಿ ಜನ ಡೇರೆ ಹಾಕಿ ಕೂತರು. ನೂರೈವತ್ತು ವರ್ಷದಿಂದ ಪ್ರವಾಸಿಗರು ಸಂಜೆಯ ಗಾಳಿಗೆ ಬರುತ್ತಿದ್ದ ಜಾಗ ಅದು. ಅಲ್ಲಿ ಮುಸ್ಲಿಮರು ನೋಂಬು ತೆರೆಯುವಾಗ ಬೌದ್ಧರು, ಕ್ರಿಶ್ಚಿಯನ್ನರು ಜೊತೆಗೆ ಕೂತು ತಿಂದರು. ಮೂರು ವರ್ಷದ ಹಿಂದೆ ಅಂಗಡಿಗಳು ಉರಿದ ದೇಶದಲ್ಲಿ ಇದೂ ನಡೆಯಿತು ಎನ್ನುವುದನ್ನು ಬರೆದಿಡಬೇಕು. ಏಪ್ರಿಲ್ 12ರಂದು, ಹೊರಗಿನ ಸಾಲ ಸದ್ಯ ಕಟ್ಟಲಾಗದು ಎಂದು ಸರಕಾರ ಘೋಷಿಸಿತು. ಒಟ್ಟು ಸಾಲ 5,100 ಕೋಟಿ ಡಾಲರ್. ಖರ್ಚಿಗೆ ಸಿಗುವ ಡಾಲರ್ 5 ಕೋಟಿಗೂ ಕಡಿಮೆ ಎಂದು ಮೇ ಹೊತ್ತಿಗೆ ಹಣಕಾಸು ಮಂತ್ರಿಯೇ ಹೇಳಿದರು. ನಾವು ಹೋಗಬೇಕಾಗಿದ್ದ ವಾರ, ಮೇ 9ರಂದು, ಹಿಂಸೆ, ಕರ್ಫ್ಯೂ, ಪ್ರಧಾನಿಯ ರಾಜೀನಾಮೆ. ಆ ತಿಂಗಳು ಇಡೀ ದೇಶಕ್ಕೆ ಬಂದ ಪ್ರವಾಸಿಗರು 30,207.

ಜೂನ್ ಮೊದಲಲ್ಲಿ ರಷ್ಯಾದ ಒಂದು ವಿಮಾನವನ್ನು ನ್ಯಾಯಾಲಯದ ಆದೇಶದಂತೆ ಕೊಲಂಬಿನಲ್ಲಿ ತಡೆಹಿಡಿದರು. ಬಿಟ್ಟರೂ ಆ ಕಂಪನಿ ಹಾರಾಟ ನಿಲ್ಲಿಸಿತು. ಉಳಿದಿದ್ದ ರಷ್ಯನ್ನರೂ ಹೋದರು. ಜೂನ್ ಕೊನೆಗೆ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆ ಯಾರಿಗೂ ಎಣ್ಣೆ ಇಲ್ಲ ಎಂದರು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದರು. ಅದೇ ದಿನ ಗಾಲೆಯಲ್ಲಿ ಆಸ್ಟ್ರೇಲಿಯಾ ತಂಡ ಟೆಸ್ಟ್ ಆಡುತ್ತಿತ್ತು. ಕೋಟೆಯ ಮೇಲಿಂದ ಪ್ರತಿಭಟನೆಯ ಕೂಗು ಮೈದಾನಕ್ಕೆ ಕೇಳುತ್ತಿತ್ತು. ಅಧ್ಯಕ್ಷ ಗೋಟಬಯ ರಾಜಪಕ್ಸ ಮಾಲ್ಡೀವ್ಸಿಗೆ, ಅಲ್ಲಿಂದ ಸಿಂಗಾಪುರಕ್ಕೆ ಹೋಗಿ ರಾಜೀನಾಮೆ ಕಳುಹಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೊಲಂಬಿನ ಹಣದುಬ್ಬರ ಶೇಕಡಾ 70ರ ಹತ್ತಿರ, ಆಹಾರದ್ದು 95ರ ಹತ್ತಿರ.

2018ರಲ್ಲಿ ಪ್ರವಾಸೋದ್ಯಮ ನೇರವಾಗಿಯೂ ಬಳಸಿಯೂ ಸುಮಾರು 3 ಲಕ್ಷ 88 ಸಾವಿರ ಜನರಿಗೆ ಕೆಲಸ ಕೊಟ್ಟಿತ್ತು. ಈಗ ಆ ಕೈಗಳು ದೇಶ ಬಿಟ್ಟವು. 2022ರಲ್ಲಿ ಕೆಲಸ ಹುಡುಕಿ ಹೊರಗೆ ಹೋದವರು 3 ಲಕ್ಷಕ್ಕೂ ಮಿಕ್ಕಿ. ನಾನಾರ ಮಗನೂ ಹೋದ, ಕತಾರಿಗೆ, ಹೋಟೆಲ್ ಕೆಲಸಕ್ಕೆ. ಆ ವರ್ಷ ಅಲ್ಲಿ ಫುಟ್ಬಾಲ್ ವಿಶ್ವಕಪ್ ಇತ್ತು. ತನ್ನ ಮನೆಗೆ ಬರುವ ಅತಿಥಿಗಳಿಗೆ ಹಾಸಿಗೆ ಹಾಸುತ್ತಿದ್ದ ಹುಡುಗ ಬೇರೆಯವರ ಅತಿಥಿಗಳಿಗೆ ಹಾಸಿಗೆ ಹಾಸಲು ಹೋದ.

ಹನ್ನೆರಡು ರಾತ್ರಿಯ ಲೆಕ್ಕ

2022ರಲ್ಲಿ ಭಾರತ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. ಎಣ್ಣೆ, ಅಕ್ಕಿ, ಮದ್ದು ಬಂತು. ಎಣ್ಣೆ ಹಂಚಲು ಕ್ಯೂಆರ್ ಪಾಸ್, ಆ ಮೇಲೆ ಪ್ರವಾಸಿಗರಿಗೇ ಬೇರೆ ಪಾಸ್. 2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರಿನ ಸಾಲಕ್ಕೆ ಒಪ್ಪಿತು. ತೆರಿಗೆ ಏರಿತು, ಕರೆಂಟಿನ ದರ ಏರಿತು. ಆ ವರ್ಷ 14 ಲಕ್ಷ 87 ಸಾವಿರ ಪ್ರವಾಸಿಗರು ಬಂದರು. ಎಲ್ಲರಿಗಿಂತ ಹೆಚ್ಚು ನಮ್ಮ ಭಾರತದವರು, 3 ಲಕ್ಷಕ್ಕೂ ಮಿಕ್ಕಿ. 2024ರಲ್ಲಿ ಸಂಖ್ಯೆ 20 ಲಕ್ಷ ದಾಟಿತು. 2018ರ ಅಂಕಿಯನ್ನು ಮಾತ್ರ ಆಗಲೂ ಮುಟ್ಟಿರಲಿಲ್ಲ.

2024ರ ಜನವರಿಯಲ್ಲಿ ನಾನೂ ಹೆಂಡತಿಯೂ ಮತ್ತೆ ವೆಲಿಗಾಮಕ್ಕೆ ಹೋದೆವು. ಮಾಳಿಗೆಯಲ್ಲಿ ಒಂದು ಕೋಣೆ ಮುಗಿದಿತ್ತು. ಇನ್ನೊಂದರ ಕಂಬದ ಕಬ್ಬಿಣ ಆಕಾಶ ನೋಡುತ್ತಾ ನಿಂತಿತ್ತು. ನಾನಾರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಪ್ರವಾಸಿಗರನ್ನು ಕರೆತರುತ್ತಿದ್ದ ವ್ಯಾನ್ ಇರಲಿಲ್ಲ, ಸಾಲಕ್ಕೆ ಮಾರಿದ್ದರು.

ನಾಲ್ಕು ರಾತ್ರಿ ಇದ್ದು ಹೊರಡುವ ದಿನ ಲೆಕ್ಕಕ್ಕೆ ಕೂತೆವು. ಅವರು ಹಳೆಯ ಪುಸ್ತಕ ತೆಗೆದರು. ‘ನೀವು ಹನ್ನೆರಡು ಕೋಣೆ-ರಾತ್ರಿಗೆ ದುಡ್ಡು ಕೊಟ್ಟಿದ್ದೀರಿ. ನಾಲ್ಕು ಮುಗಿಯಿತು. ಎಂಟು ಉಳಿದಿದೆ.’

ನಾನು ಒಪ್ಪಲಿಲ್ಲ. ನಾನು ಕೊಟ್ಟದ್ದು 60 ಸಾವಿರ ರೂಪಾಯಿ. ಅಂದು ಅದಕ್ಕೆ ಹನ್ನೆರಡು ರಾತ್ರಿ, ಈಗ ಕೋಣೆಗೆ 11 ಸಾವಿರ, ಅದಕ್ಕೆ ಐದೂವರೆ ರಾತ್ರಿಯೂ ಆಗುವುದಿಲ್ಲ. ರೂಪಾಯಿಯ ಲೆಕ್ಕ ಹಿಡಿಯಿರಿ ಎಂದೆ. ‘ತಂಬಿ, ರೂಪಾಯಿ ಬಿದ್ದದ್ದು ನಿಮ್ಮ ತಪ್ಪಾ?’ ಎಂದು ಅವರು ಕೇಳಿದರು.

ಆಗ ಹೇಳಿದೆ. ಉಂಡಿಯಲಿನ ಸಂಗತಿ, ಕ್ಯಾಂಡಿಯ ಹುಡುಗನಿಗೆ ಬರೆದುಕೊಟ್ಟ ಲೆಕ್ಕ, ಎಲ್ಲವನ್ನೂ. ಬೈಕಿನಲ್ಲಿ ಬಂದು ದುಡ್ಡು ಕೊಟ್ಟು ಹೋದವನು ಅವರಿಗೆ ನೆನಪಿದ್ದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನನ್ನ ಮಗನೂ ಮೊದಲ ಮೂರು ತಿಂಗಳು ಹಾಗೆಯೇ ಕಳುಹಿಸಿದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸಾಲದ ಕಂತು ಇತ್ತು.’ ಇಬ್ಬರಿಗೂ ಮುಂದೆ ಮಾತಿರಲಿಲ್ಲ.

ನಮ್ಮ ಹೆಸರಿನಲ್ಲೇ ವ್ಯಾಪಾರ ಇದೆ. ‘ಬ್ಯಾರ’ ಎಂಬ ಮಾತಿನಿಂದಲೇ ಬ್ಯಾರಿ ಬಂತು ಎನ್ನುತ್ತಾರೆ. ಲಾಭ ಎಲ್ಲಿದೆ ಎಂದು ನೋಡುವ ಕಣ್ಣು ನಮಗೆ ಹುಟ್ಟಿನಿಂದ ಇದೆ. ಆ ಲಾಭ ಯಾರ ಕೈಯಿಂದ ಬಂತು ಎಂದು ನೋಡುವುದು ಕಷ್ಟ, ಯಾಕೆಂದರೆ ಆ ಕೈ ಕಡಲಾಚೆ ಇರುತ್ತದೆ. ಕಾಸರಗೋಡಿನಲ್ಲಿ ನಾವೂ ಐವತ್ತು ವರ್ಷದಿಂದ ಹೊರಗಿನ ದುಡ್ಡಿನ ಮೇಲೆ ನಿಂತವರು. ಈಗ ಬೇಕಲದ ಕೋಟೆ, ಕಡಲು, ಹಿನ್ನೀರು ತೋರಿಸಿ ಪ್ರವಾಸೋದ್ಯಮ ಬಂದರೆ ಊರು ಉದ್ಧಾರವಾಗುತ್ತದೆ ಎನ್ನುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಕೋಣೆ ಕಟ್ಟಲು ಸಾಲ ತೆಗೆಯುವ ನಮ್ಮ ಹುಡುಗರು ಒಮ್ಮೆ ವೆಲಿಗಾಮದ ಲೆಕ್ಕವನ್ನು ಕೇಳಬೇಕು. ಗಲ್ಫ್ ಮತ್ತು ಪ್ರವಾಸಿ, ಇವೆರಡೂ ಬೇರೆ ಬೇರೆ ಕಂಬ ಎಂದು ಶ್ರೀಲಂಕಾ ನಂಬಿತ್ತು. ಒಂದು ಅಲುಗಿದಾಗ ಇನ್ನೊಂದೂ ಅಲುಗಿತು.

ಕೋಣೆಯ ದುಡ್ಡು ನಾನಾ ತೆಗೆದುಕೊಳ್ಳಲೇ ಇಲ್ಲ. ಊಟದ್ದೂ, ವಿಮಾನ ನಿಲ್ದಾಣಕ್ಕೆ ಬಿಡುವ ಬಾಡಿಗೆ ಕಾರಿನದ್ದೂ ಕೊಟ್ಟೆ. ಅದಕ್ಕೆ ಮೊದಲು ಬೀದಿಯ ಅಂಗಡಿಗಳನ್ನು ಬಿಟ್ಟು, ಬಿಸಿಲಿನಲ್ಲಿ ನಡೆದು ಬ್ಯಾಂಕಿಗೇ ಹೋಗಿ ಡಾಲರ್ ಬದಲಿಸಿದೆ. ಮುಕ್ಕಾಲು ಗಂಟೆ ಸಾಲು ನಿಂತೆ. ಹೊರಗಿನ ದರಕ್ಕೂ ಬ್ಯಾಂಕಿನ ದರಕ್ಕೂ ಆಗ ಹೆಚ್ಚು ವ್ಯತ್ಯಾಸವೂ ಇರಲಿಲ್ಲ, ಹಾಗಾಗಿ ಅದೇನೂ ದೊಡ್ಡ ತ್ಯಾಗವಲ್ಲ. ರಶೀದಿ ಕೊಟ್ಟರು. ಊರಿಗೆ ಬಂದು ಅದನ್ನು ಅಜ್ಜನ ಪೆಟ್ಟಿಗೆಯಲ್ಲಿ ಹಾಕಿದ್ದೇನೆ.

ಉಳಿದ ಎಂಟು ರಾತ್ರಿ ಈಗಲೂ ನಾನಾರ ಪುಸ್ತಕದಲ್ಲಿ ನನ್ನ ಹೆಸರಿನಲ್ಲಿದೆ.